ವೆಲೊಡ್ರೋಮಿನಲ್ಲಿ ಲೈವ್ ಸಿಡಿಎ: ಲ್ಯಾಪ್‌ಟಾಪ್ ಹೇಳಿದ್ದನ್ನು ಎಷ್ಟು ನಂಬಬಹುದು?

ಕಪ್ಪುಗೆರೆ, ಡರ್ಬಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಪವರ್ ಮೀಟರ್ (ಸವಾರ ಎಷ್ಟು ವಾಟ್ ಹಾಕುತ್ತಿದ್ದಾನೆ ಎಂದು ಅಳೆಯುವ ಸಾಧನ) ಬಗ್ಗೆ, ಏರೋ ಹೆಲ್ಮೆಟ್ ಬಗ್ಗೆ ಬೇಕಾದಷ್ಟು ಮಾತಾಗಿದೆ. ಸವಾರ ವೆಲೊಡ್ರೋಮಿನಲ್ಲಿ, ಅಂದರೆ ಸೈಕಲ್ ಓಟದ ಟ್ರ್ಯಾಕಿನಲ್ಲಿ, ಸುತ್ತು ಹಾಕುತ್ತಿರುವಾಗಲೇ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅವನ ಗಾಳಿ ತಡೆ ಎಷ್ಟಿದೆ ಎಂದು ನೋಡುವ ಕೆಲಸದ ಬಗ್ಗೆ ಮಾತ್ರ ಏನೂ ಕಾಣಲಿಲ್ಲ. ನಾನು ಇಲ್ಲಿನ ಕ್ಲಬ್ ಸವಾರರಿಗೆ ಈ ಟೆಸ್ಟಿಂಗ್‌ನಲ್ಲಿ ಕೈಜೋಡಿಸುತ್ತೇನೆ. ಅದಕ್ಕೇ ಈ ಥ್ರೆಡ್.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೈವ್ ಸಂಖ್ಯೆಯ ದೊಡ್ಡ ಉಪಯೋಗ ಅಂದರೆ ಒಂದು ರನ್, ಅಂದರೆ ಟೆಸ್ಟಿಗಾಗಿ ಒಂದೇ ಸಲಕ್ಕೆ ಹಾಕುವ ಸುತ್ತುಗಳು, ಕೆಟ್ಟಿದ್ದು ಆಗಲೇ ಗೊತ್ತಾಗುವುದು. ಯಾವ ಹೆಲ್ಮೆಟ್ ಒಳ್ಳೇದು, ಯಾವ ಭಂಗಿ ಒಳ್ಳೇದು ಅನ್ನುವ ತೀರ್ಮಾನವನ್ನು ಪರದೆ ನೋಡಿ ಅಲ್ಲೇ ಮಾಡಬಾರದು. ಇದನ್ನು ಬೆರೆಸಿಕೊಂಡು ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಸಿಡಿಎ ಅಂದರೆ ಗಾಳಿಗೆ ನೀವು ಎಷ್ಟು ದೊಡ್ಡವರಾಗಿ ಕಾಣುತ್ತೀರಿ ಅನ್ನುವುದು. ನಿಮ್ಮ ಆಕಾರ ಮತ್ತು ಮುಂಭಾಗದ ವಿಸ್ತೀರ್ಣ ಎರಡೂ ಸೇರಿದ ಒಂದೇ ಸಂಖ್ಯೆ, ಚದರ ಮೀಟರ್‌ನಲ್ಲಿ. ಗಂಟೆಗೆ 45 ಕಿ.ಮೀ. ವೇಗ, ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ., ಸಿಡಿಎ 0.220 ಎಂದಿಟ್ಟುಕೊಳ್ಳಿ. ಸಮುದ್ರಮಟ್ಟದ ಗಾಳಿಯಲ್ಲಿ ಗಾಳಿ ತಡೆಗೇ ಸುಮಾರು 258 ವಾಟ್ ಹೋಗುತ್ತದೆ. ಟೈರ್ ಉರುಳುವುದಕ್ಕೆ 30ರ ಆಸುಪಾಸು. ಚೈನಿನಲ್ಲಿ ಒಂದಿಷ್ಟು. ಒಟ್ಟು 295ರ ಹತ್ತಿರ. ಸಿಡಿಎಯಲ್ಲಿ 0.005 ಉಳಿಸಿದರೆ 6 ವಾಟ್ ಸಿಗುತ್ತದೆ. ಕಾಲಿನಿಂದ 6 ವಾಟ್ ಹೆಚ್ಚಿಸಬೇಕಾದರೆ ಎಷ್ಟು ಬೆವರು ಸುರಿಸಬೇಕು ಅಂತ ಇಲ್ಲಿರುವವರಿಗೆಲ್ಲ ಗೊತ್ತು.

ಟ್ರ್ಯಾಕ್ ಪಕ್ಕದ ಸಾಫ್ಟ್‌ವೇರ್ ಮಾಡುವುದು ಇದರ ಉಲ್ಟಾ ಲೆಕ್ಕ. ಪವರ್ ಗೊತ್ತು, ವೇಗ ಗೊತ್ತು, ತೂಕ ಗೊತ್ತು, ಗಾಳಿಯ ಸಾಂದ್ರತೆ ಗೊತ್ತು, ಟೈರಿನ ಎಳೆತ ಅಂದಾಜು ಗೊತ್ತು. ಉಳಿದದ್ದು ಸಿಡಿಎ. ಪ್ರತಿ ಸುತ್ತು ಮುಗಿದ ತಕ್ಷಣ ಪರದೆಯಲ್ಲಿ ಒಂದು ಚುಕ್ಕೆ ಬೀಳುತ್ತದೆ. ಮಾಂಟ್ರಿಯಲ್‌ನ ಆಲ್ಫಾಮ್ಯಾಂಟಿಸ್ ಅನ್ನುವ ಕಂಪನಿ ಈ ಕೆಲಸಕ್ಕೆ ಹೆಸರು ಮಾಡಿತ್ತು, 2017ರಲ್ಲಿ ಅದನ್ನು ಗಾರ್ಮಿನ್ ಕೊಂಡಿತು. ಈಗ ಬೇರೆ ಬೇರೆ ತಂಡಗಳು ತಮ್ಮದೇ ಬರೆದುಕೊಂಡಿವೆ. ರಾಬರ್ಟ್ ಚಂಗ್ ಅವರ ವರ್ಚುವಲ್ ಎಲಿವೇಶನ್ ವಿಧಾನ ಕೇಳಿರುತ್ತೀರಿ, ಗೋಲ್ಡನ್ ಚೀತಾ ಅನ್ನುವ ಸಾಫ್ಟ್‌ವೇರಿನ ಏರೋಲ್ಯಾಬ್‌ನಲ್ಲಿ ಇರುವುದು ಅದೇ. ಬೇರು ಒಂದೇ, ಶಕ್ತಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವ ಲೆಕ್ಕ.

ಲ್ಯಾಪ್‌ಗೆ ಒಂದೇ ಚುಕ್ಕೆ ಯಾಕೆ, ಸೆಕೆಂಡಿಗೊಂದು ಯಾಕಿಲ್ಲ ಅಂತ ಕೇಳುತ್ತಾರೆ. ತಿರುವಿನಲ್ಲಿ ಸವಾರ ಒಳಕ್ಕೆ ವಾಲುತ್ತಾನೆ. ಚಕ್ರ ಹೊರಗಿನ ದೊಡ್ಡ ವೃತ್ತದಲ್ಲಿ ಓಡುತ್ತದೆ, ಅವನ ಮೈ ಒಳಗಿನ ಚಿಕ್ಕ ವೃತ್ತದಲ್ಲಿ. ಹಾಗಾಗಿ ಚಕ್ರದ ವೇಗ ತಿರುವಿನಲ್ಲಿ ಏರುತ್ತದೆ, ನೇರದಲ್ಲಿ ಇಳಿಯುತ್ತದೆ, ಅವನು ಒಂದೇ ಸಮ ತುಳಿಯುತ್ತಿದ್ದರೂ ಸಹ. ಮೇಲಿಂದ ತಿರುವಿನಲ್ಲಿ ಟೈರಿನ ಮೇಲೆ ಭಾರ ಜಾಸ್ತಿ. ಪೂರ್ತಿ ಸುತ್ತು ತೆಗೆದುಕೊಂಡರೆ ಈ ಏರಿಳಿತ ಬಹುತೇಕ ತಾನೇ ಕಳೆದುಹೋಗುತ್ತದೆ.

ಈಗ ಲೈವ್ ಯಾಕೆ ಬೇಕು ಅನ್ನುವುದಕ್ಕೆ. ಮೊನ್ನೆ ಒಬ್ಬ ಸವಾರ ಹೊಸ ಭಂಗಿಯಲ್ಲಿ ಸುತ್ತು ಹಾಕುತ್ತಿದ್ದ. ಚುಕ್ಕೆಗಳು 0.221, 0.220, 0.222 ಎಂದು ಒಂದೇ ಸಾಲಿನಲ್ಲಿ ಕೂತಿದ್ದವು. ಆಮೇಲೆ ಇದ್ದಕ್ಕಿದ್ದಂತೆ 0.227, ಮುಂದಿನದು 0.229. ತಲೆಯೆತ್ತಿ ಟ್ರ್ಯಾಕ್ ನೋಡಿದೆ. ಅವನ ಹೆಲ್ಮೆಟ್ಟಿನ ಬಾಲ ಬೆನ್ನಿನಿಂದ ನಾಲ್ಕು ಬೆರಳು ಮೇಲೆದ್ದಿತ್ತು. ಕತ್ತು ಸೋತು ತಲೆ ಮೇಲೆ ಬಂದಿದೆ, ಅವನಿಗೆ ಅದರ ಅರಿವೇ ಇಲ್ಲ. ಮುಂದಿನ ಸುತ್ತಿನಲ್ಲಿ ನೇರದ ಕೊನೆಯಲ್ಲಿ ನಿಂತು ಅಂಗೈ ಕೆಳಗೆ ಮಾಡಿ ತೋರಿಸಿದೆ. ತಲೆ ಇಳಿಯಿತು, ಚುಕ್ಕೆ ಮತ್ತೆ 0.221ಕ್ಕೆ ಬಂತು. ಲೈವ್ ಇಲ್ಲದಿದ್ದರೆ ಮನೆಗೆ ಹೋಗಿ ಫೈಲ್ ತೆಗೆದಾಗ ಸರಾಸರಿ 0.224 ಬರುತ್ತಿತ್ತು, "ಈ ಭಂಗಿ ಅಷ್ಟಕ್ಕಷ್ಟೆ" ಎಂದು ಅದನ್ನು ಬಿಟ್ಟುಬಿಡುತ್ತಿದ್ದರು. ಭಂಗಿ ಚೆನ್ನಾಗಿಯೇ ಇತ್ತು. ಅದನ್ನು ಹಿಡಿದಿಡುವ ಕತ್ತಿಗೆ ಇನ್ನೂ ಅಭ್ಯಾಸ ಬೇಕಿತ್ತು. ಇವೆರಡೂ ಬೇರೆ ಬೇರೆ ಸಮಸ್ಯೆ, ಅಲ್ವಾ?

ಪ್ರಶ್ನೆ ಇದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಎದುರುಗಾಳಿ, ಬೆಂಗಳೂರು

ಸೂಪರ್ ಪೋಸ್ಟ್ ಗುರು. ನಾನು ಟ್ರಯಾಥ್ಲಾನ್ ಮಾಡುವವನು, ಟ್ರ್ಯಾಕ್ ಹತ್ತಿರಕ್ಕೂ ಹೋಗಿಲ್ಲ. ಒಂದು ಅರ್ಥವಾಗಲಿಲ್ಲ. ಚುಕ್ಕೆಗಳು ಅಷ್ಟು ಚೆನ್ನಾಗಿ ಒಂದೇ ಸಾಲಿನಲ್ಲಿ ಕೂರುತ್ತವೆ ಅಂದಮೇಲೆ ಹೆಲ್ಮೆಟ್ ಬದಲಿಸಿ ನಾಲ್ಕು ಸುತ್ತು ಹಾಕಿಸಿದರೆ ಅಲ್ಲೇ ಗೊತ್ತಾಗಲ್ವಾ? ತೀರ್ಮಾನ ಮಾಡಬಾರದು ಅಂತ ಯಾಕೆ ಹೇಳಿದಿರಿ?

ಇನ್ನೊಂದು, ದೇವನಹಳ್ಳಿ ಕಡೆ ರಸ್ತೆಯಲ್ಲಿ ನಾವು ಇದನ್ನು ಮಾಡಬಹುದಾ?

ಕಪ್ಪುಗೆರೆ, ಡರ್ಬಿ

ಒಳ್ಳೆ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದ ಬರೆಯಬೇಕು.

ಚುಕ್ಕೆ ಒಂದೇ ಸಾಲಿನಲ್ಲಿ ಕೂತಿದೆ ಅಂದರೆ ಅದು ಸರಿ ಅಂತಲ್ಲ. ಎಲ್ಲವೂ ಒಟ್ಟಿಗೆ ಒಂದೇ ಕಡೆಗೆ ಜಾರಿರಬಹುದು.

ಗೆರೆಯಿಂದಲೇ ಶುರು ಮಾಡೋಣ. 250 ಮೀಟರ್ ಟ್ರ್ಯಾಕ್ ಅಂದರೆ ಕಪ್ಪು ಗೆರೆಯ ಮೇಲೆ ಅಳೆದಾಗ 250 ಮೀಟರ್. ಸವಾರ ಆ ಗೆರೆಯಿಂದ ಸುತ್ತಿಗೆ ಸುತ್ತು 10 ಸೆಂ.ಮೀ. ಹೊರಗೆ (ಇಳಿಜಾರಿನ ಮೇಲಲ್ಲ, ಅಡ್ಡಕ್ಕೆ ಅಳೆದಾಗ) ಓಡಿಸಿದರೆ ಅವನು ಸುತ್ತಿಗೆ 63 ಸೆಂ.ಮೀ. ಹೆಚ್ಚು ಓಡಿರುತ್ತಾನೆ. ಸಾಫ್ಟ್‌ವೇರ್‌ಗೆ ಅದು ಗೊತ್ತಿಲ್ಲ, 250 ಅಂತಲೇ ಭಾಗಿಸುತ್ತದೆ. ವೇಗ ಕಾಲು ಪ್ರತಿಶತ ಕಡಿಮೆ ಬರುತ್ತದೆ. ಗಾಳಿಗೆ ಬೇಕಾಗುವ ಪವರ್ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ಸಿಡಿಎಯಲ್ಲಿ ಮುಕ್ಕಾಲು ಪ್ರತಿಶತ ತಪ್ಪು. ಅಂದರೆ 0.220 ಇದ್ದವನು 0.2217 ಕಾಣುತ್ತಾನೆ. ಹೊಸ ಹೆಲ್ಮೆಟ್ಟಿನಲ್ಲಿ ಮುಂದಿನದು ಸರಿಯಾಗಿ ಕಾಣದೆ ಅವನು ಅಂಗೈ ಅಗಲ ಮೇಲೆ ಓಡಿಸಿದರೆ ಪಾಪ ಆ ಹೆಲ್ಮೆಟ್ಟಿನ ಮೇಲೆ ಗೂಬೆ ಕೂತ ಹಾಗೆ. ಅದಕ್ಕೇ ಯಾರಾದರೂ ಒಬ್ಬರು ಪರದೆ ಬಿಟ್ಟು ಗೆರೆಯನ್ನೇ ನೋಡುತ್ತಿರಬೇಕು. ಚಕ್ರದ ಸೆನ್ಸರ್‌ನಿಂದ ದೂರ ತೆಗೆದರೆ ಈ ತೊಂದರೆ ಕಡಿಮೆ, ಆದರೆ ಚಕ್ರದ ಸುತ್ತಳತೆ ಟೈರಿನ ಗಾಳಿಯ ಜೊತೆ ಬದಲಾಗುತ್ತದೆ. ಎರಡನ್ನೂ ಇಟ್ಟುಕೊಂಡು ತಾಳೆ ನೋಡುವುದೇ ವಾಸಿ.

ಆಮೇಲೆ ಸೆಖೆ. ಒಳಾಂಗಣದಲ್ಲಿ ಬೆಳಗ್ಗೆ ಶುರು ಮಾಡಿದಾಗ ಇದ್ದ ಉಷ್ಣತೆ ಎರಡು ಗಂಟೆಯ ಮೇಲೆ ಇರುವುದಿಲ್ಲ. 3 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಒಂದು ಪ್ರತಿಶತ ಇಳಿಯುತ್ತದೆ. ಬೆಳಗ್ಗೆ ಹಾಕಿದ ಸಂಖ್ಯೆಯನ್ನೇ ಬಿಟ್ಟರೆ ಕೊನೆಯಲ್ಲಿ ಟೆಸ್ಟ್ ಮಾಡಿದ ವಸ್ತು ಸುಮ್ನೆ ಗೆದ್ದುಬಿಡುತ್ತದೆ. ಉಷ್ಣತೆ ಮತ್ತು ಒತ್ತಡದ ಮೀಟರ್ ಟ್ರ್ಯಾಕಿನ ಎತ್ತರದಲ್ಲೇ ಇರಬೇಕು. ಒತ್ತಡವನ್ನು ಹವಾಮಾನದ ಆ್ಯಪ್‌ನಿಂದ ತೆಗೆಯಬೇಡಿ, ಅಲ್ಲಿ ಸಮುದ್ರಮಟ್ಟಕ್ಕೆ ಹೊಂದಿಸಿದ ಸಂಖ್ಯೆ ಇರುತ್ತದೆ. ಬೆಂಗಳೂರಿನಂಥ 900 ಮೀಟರ್ ಮೇಲಿನ ಊರಿನಲ್ಲಿ ಅದನ್ನು ಹಾಕಿದರೆ ಲೆಕ್ಕ ಹತ್ತು ಪ್ರತಿಶತದಷ್ಟು ಕೆಡುತ್ತದೆ.

ಇನ್ನು ಪವರ್ ಮೀಟರ್. ಇಲ್ಲಿನ ಚಳಿಗಾಲದಲ್ಲಿ ಕಾರಿನ ಡಿಕ್ಕಿಯಿಂದ ತೆಗೆದ ಸೈಕಲ್ ಮಂಜುಗಡ್ಡೆ ತರ ಇರುತ್ತದೆ. ಬಿಸಿ ಹಾಲ್ ಒಳಗೆ ತಂದು ತಕ್ಷಣ ಝೀರೋ ಮಾಡಿ (ಭಾರವಿಲ್ಲದಾಗ ಮೀಟರ್ ಸೊನ್ನೆ ತೋರಿಸುವಂತೆ ಹೊಂದಿಸಿ) ಹೊರಟರೆ ಮೀಟರ್ ಇರುವ ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ನಿಧಾನ ಬಿಸಿಯಾಗುತ್ತಾ ಝೀರೋ ಜಾರುತ್ತಾ ಹೋಗುತ್ತದೆ. 300 ವಾಟ್‌ಗೆ ಒಂದು ಪ್ರತಿಶತ ಅಂದರೆ 3 ವಾಟ್, ನೀವು ಹುಡುಕುತ್ತಿರುವ ವ್ಯತ್ಯಾಸದ ಅರ್ಧ! ಅರ್ಧ ಗಂಟೆ ಸೈಕಲ್ಲನ್ನು ಒಳಗೆ ಸುಮ್ನೆ ನಿಲ್ಲಿಸಿ, ಆಮೇಲೆ ಝೀರೋ, ಮತ್ತೆ ಪ್ರತಿ ರನ್ನಿನ ಮೊದಲು ಝೀರೋ.

ಇದಿಷ್ಟರಿಂದಾಗಿ ಒಂದು ಸಲ ಹಳೇದು, ಒಂದು ಸಲ ಹೊಸದು ಅಂತ ಟೆಸ್ಟ್ ಮಾಡಿದರೆ ಸಾಲದು. ಹಳೇದು, ಹೊಸದು, ಮತ್ತೆ ಹಳೇದು. ಮೊದಲ ಹಳೇದಕ್ಕೂ ಕೊನೆಯ ಹಳೇದಕ್ಕೂ ತಾಳೆಯಾದರೆ ಮಾತ್ರ ನಡುವಿನದನ್ನು ನಂಬಿ. ಒಂದೊಂದು ಸುತ್ತಿಗೂ ಸಿಡಿಎ 0.003ರಷ್ಟು ಅತ್ತಿತ್ತ ಆಗುತ್ತಿದೆ ಅಂದುಕೊಳ್ಳಿ. ಒಂಬತ್ತು ಸುತ್ತಿನ ಸರಾಸರಿಯಲ್ಲಿ ಅದು 0.001ಕ್ಕೆ ಇಳಿಯುತ್ತದೆ. ಎರಡು ರನ್ ಹೋಲಿಸಿದಾಗ ಮತ್ತೆ 0.0014ಕ್ಕೆ ಏರುತ್ತದೆ. ಹಾಗಾಗಿ 0.005 ವ್ಯತ್ಯಾಸ ಬಂದರೆ ಖುಷಿಪಡಿ. 0.002 ಬಂದರೆ ಮತ್ತೆ ಟೆಸ್ಟ್ ಮಾಡಿ. ನಾಲ್ಕು ಸುತ್ತಿಗೆ ಹೆಲ್ಮೆಟ್ ಬದಲಿಸಿ ಪರದೆ ನೋಡಿ ಅಂಗಡಿಗೆ ಓಡಬೇಡಿ.

ರಸ್ತೆಯ ಬಗ್ಗೆ: ಗಾಳಿ ಬಿಡುವುದಿಲ್ಲ. ಹೋಗುವಾಗ ಎದುರು, ಬರುವಾಗ ಹಿಂದಿನಿಂದ, ಎರಡೂ ಸರಿಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಸರಿಹೋಗುವುದಿಲ್ಲ. 45ರ ವೇಗದಲ್ಲಿ ಗಂಟೆಗೆ 7 ಕಿ.ಮೀ. ಗಾಳಿ ಇದ್ದರೆ ಎದುರಿನಲ್ಲಿ ಕಳೆದುಕೊಂಡಿದ್ದು ಹಿಂದಿನಿಂದ ಪೂರ್ತಿ ವಾಪಸ್ ಬರಲ್ಲ, ಸರಾಸರಿ ತಡೆ ಎರಡೂವರೆ ಪ್ರತಿಶತ ಹೆಚ್ಚು ಬರುತ್ತದೆ. ಬೆಳಗಿನ ಜಾವ ಎಲೆ ಅಲುಗಾಡದ ಹೊತ್ತಲ್ಲಿ, ಲಾರಿ ಓಡಾಡದ ಚಿಕ್ಕ ಲೂಪ್ ಸಿಕ್ಕರೆ ಚಂಗ್ ವಿಧಾನದಲ್ಲಿ ಚೆನ್ನಾಗಿಯೇ ಮಾಡಬಹುದು. ಲಾರಿಯೊಂದು ಪಕ್ಕದಲ್ಲಿ ಹೋದರೆ ಆ ಸುತ್ತು ಬಿಟ್ಟುಬಿಡಿ.

ಹಳೇ ಗೇರು, ಮೈಸೂರು

ಓದಿ ಖುಷಿಯಾಯಿತು. ಆದರೆ ಒಂದು ಮಾತು ಹೇಳಲೇಬೇಕು. ನಾನು ಹಳೇ ಕಾಲದವನು, ಸ್ಟಾಪ್‌ವಾಚ್ ಹಿಡಿದು ಕೋಚಿಂಗ್ ಮಾಡಿದವನು. ಹುಡುಗರು ತುಳಿಯುವುದನ್ನು ಬಿಟ್ಟು ದಶಾಂಶದ ಹಿಂದೆ ಬೀಳುತ್ತಿದ್ದಾರೆ ಅನ್ನುವ ಬೇಜಾರು ನನಗಿದೆ. ಕಾಲಲ್ಲಿ ಕಸುವು ಇಲ್ಲದವನಿಗೆ ಸಿಡಿಎ ಏನು ಮಾಡುತ್ತದೆ? 1993ರಲ್ಲಿ ಗ್ರೇಮ್ ಓಬ್ರಿ ನಾರ್ವೆಯ ಹಾಮಾರ್‌ನಲ್ಲಿ ಒಂದು ಗಂಟೆಯಲ್ಲಿ 51.596 ಕಿ.ಮೀ. ಓಡಿಸಿ ದಾಖಲೆ ಮಾಡಿದಾಗ ಪಕ್ಕದಲ್ಲಿ ಯಾವ ಲ್ಯಾಪ್‌ಟಾಪ್ ಇತ್ತು?

ಕಪ್ಪುಗೆರೆ, ಡರ್ಬಿ

ಸರ್, ನಿಮ್ಮ ಬೇಜಾರು ನನಗೆ ಅರ್ಥವಾಗುತ್ತದೆ. ಕಾಲಿನ ಕೆಲಸಕ್ಕೆ ಬದಲಿ ಇಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಓಬ್ರಿಯವರ ಉದಾಹರಣೆ ನನ್ನ ಪಕ್ಷಕ್ಕೇ ಬರುತ್ತದೆ ಅನಿಸುತ್ತದೆ. ಅವರು ಕೈಗಳನ್ನು ಎದೆಯ ಕೆಳಗೆ ಮಡಚಿಟ್ಟುಕೊಂಡ ಆ ಭಂಗಿಯನ್ನು ತಾವೇ ಯೋಚಿಸಿ, ತಾವೇ ಸೈಕಲ್ ಕಟ್ಟಿ ಕಂಡುಕೊಂಡರು. ಗಾಳಿಯ ಬಗ್ಗೆ ಅಷ್ಟು ತಲೆಕೆಡಿಸಿಕೊಂಡವರು ಆಗ ಕಡಿಮೆ. ಸಾಧನ ಇರಲಿಲ್ಲ ಅಷ್ಟೇ, ಯೋಚನೆ ಅದೇ.

ಈಚಿನದು ನೋಡಿ. 2022ರ ಆಗಸ್ಟ್ 19ರಂದು ಸ್ವಿಟ್ಜರ್ಲೆಂಡಿನ ಗ್ರೆಂಚೆನ್‌ನಲ್ಲಿ ಡ್ಯಾನ್ ಬಿಗಮ್ 55.548 ಕಿ.ಮೀ. ಓಡಿಸಿ ಅವರ್ ರೆಕಾರ್ಡ್, ಅಂದರೆ ಒಂದು ಗಂಟೆಯ ದೂರದ ದಾಖಲೆ, ಮುರಿದರು. ಅವರು ಇನಿಯಾಸ್ ಅನ್ನುವ ವೃತ್ತಿಪರ ಸೈಕಲ್ ತಂಡದಲ್ಲಿ ಎಂಜಿನಿಯರ್ ಆಗಿದ್ದವರು. ಅದೇ ತಂಡದ ಫಿಲಿಪ್ಪೊ ಗನ್ನಾ ಅಕ್ಟೋಬರ್ 8ರಂದು ಅದೇ ಟ್ರ್ಯಾಕಿನಲ್ಲಿ 56.792 ಮಾಡಿದರು. ಲೆಕ್ಕ ಹಾಕಿದರೆ ಬಿಗಮ್ ಅವರ ಸುತ್ತು ಸರಾಸರಿ 16.20 ಸೆಕೆಂಡು, ಗನ್ನಾ ಅವರದು 15.85. ಗನ್ನಾ ಅವರ ಕಾಲಿನ ಕಸುವು ಬಿಗಮ್ ಅವರಿಗೆ ಇಲ್ಲ. ಆದರೂ ಬಿಗಮ್ ಅವರ ಏಳು ವಾರದ ದಾಖಲೆ ಆಗಿನ ನಿಯಮದಡಿ ಓಡಿಸಿದ್ದ ವೃತ್ತಿಪರ ಸವಾರರನ್ನೆಲ್ಲ ಮೀರಿದ್ದು ಹೇಗೆ? ಗಾಳಿಯನ್ನು ಅಳೆದು ಅಳೆದು ಕೂತಿದ್ದರಿಂದ. ನೀವು ಹೇಳಿದ ಕಾಲು, ನಾನು ಹೇಳಿದ ಗಾಳಿ, ಎರಡಕ್ಕೂ ಒಂದೇ ವರ್ಷದಲ್ಲಿ ಒಂದೇ ಟ್ರ್ಯಾಕಿನಲ್ಲಿ ಉದಾಹರಣೆ ಸಿಕ್ಕಿತು.

ಸ್ಟಾಪ್‌ವಾಚಿನ ಕೋಚ್ ಎಲ್ಲೂ ಹೋಗಿಲ್ಲ ಸರ್. ನಾಲ್ವರು ಒಟ್ಟಿಗೆ ಓಡಿಸುವ ಟೀಮ್ ಪರ್ಸ್ಯೂಟ್‌ನಲ್ಲಿ ಇವತ್ತಿಗೂ ಕೋಚ್ ಗೆರೆಯ ಆಚೆ ಈಚೆ ನಡೆದೇ ಹುಡುಗರಿಗೆ ನೀವು ಮುಂದಿದ್ದೀರಿ, ಹಿಂದಿದ್ದೀರಿ ಅಂತ ತೋರಿಸುವುದು. ಅವರ್ ರೆಕಾರ್ಡಿನಲ್ಲೂ ಸವಾರ ಮೀಟರ್ ನೋಡಿಕೊಂಡು ಓಡಿಸುವುದಿಲ್ಲ, ಟ್ರ್ಯಾಕ್ ಪಕ್ಕದವರು ತೋರಿಸುವ ಲ್ಯಾಪ್ ಸಮಯವೇ ಅವನಿಗೆ ದಾರಿ. ಲೈವ್ ಸಿಡಿಎ ಟೆಸ್ಟಿಂಗ್ ದಿನದ ಸಾಧನ.

ಹಳೇ ಗೇರು, ಮೈಸೂರು

ಗೆರೆ ಮೇಲೆ ನಡೆಯುವುದನ್ನು ಹೇಳಿದಿರಲ್ಲ, ಅಲ್ಲಿಗೆ ನಾನು ಸೋತೆ. ಮುಂದುವರಿಸಿ. ಹುಡುಗರಿಗೆ ಉಪಯೋಗ ಆಗಲಿ. ಗಾಳಿ ತೆಳು ಇರುವ ಊರಿಗೆ ಹೋಗಿ ದಾಖಲೆ ಮಾಡುತ್ತಾರಲ್ಲ, ಅದರ ಬಗ್ಗೆಯೂ ಎರಡು ಸಾಲು ಬರೆಯಿರಿ.

ಕಪ್ಪುಗೆರೆ, ಡರ್ಬಿ

ಮೆಕ್ಸಿಕೋದ ಅಗ್ವಾಸ್‌ಕಾಲಿಯೆಂಟೆಸ್ ಸರ್. ಸಮುದ್ರಮಟ್ಟದಿಂದ 1,800 ಮೀಟರ್‌ಗಿಂತ ಮೇಲಿದೆ, ಗಾಳಿ ಸುಮಾರು ಐದನೇ ಒಂದು ಭಾಗ ತೆಳು. 2019ರ ಏಪ್ರಿಲ್‌ನಲ್ಲಿ ವಿಕ್ಟರ್ ಕಾಂಪನಾರ್ಟ್ಸ್ ಅಲ್ಲಿ 55.089 ಮಾಡಿದರು, 2021ರಲ್ಲಿ ಆ್ಯಶ್ಟನ್ ಲ್ಯಾಂಬಿ ಒಂಟಿ ಸವಾರರ 4 ಕಿ.ಮೀ. ಸ್ಪರ್ಧೆಯನ್ನು ಮೊದಲ ಸಲ ನಾಲ್ಕು ನಿಮಿಷದೊಳಗೆ ಮುಗಿಸಿದ್ದೂ ಅಲ್ಲೇ, 3:59.930. ಬ್ರಾಡ್ಲಿ ವಿಗಿನ್ಸ್ 2015ರ ಜೂನ್‌ನಲ್ಲಿ ಲಂಡನ್ನಿನಲ್ಲಿ 54.526 ಮಾಡಿದ ದಿನ ಗಾಳಿಯ ಒತ್ತಡ ಜಾಸ್ತಿ ಇತ್ತು, ಅದರ ಪೆಟ್ಟು ಅವರಿಗೆ ಬಿತ್ತು. ಅದಕ್ಕೇ ಎರಡು ಊರಿನ ಲ್ಯಾಪ್ ಸಮಯವನ್ನು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಸಿಡಿಎಯಲ್ಲಿ ಸಾಂದ್ರತೆ ಕಳೆದುಹೋಗಿರುತ್ತದೆ, ಹೋಲಿಸಬಹುದು.

ಕೋಡು ಮತ್ತು ಕಾಫಿ, ಮ್ಯೂನಿಕ್

ನಮಸ್ತೆ. ನಾನು ಸಾಫ್ಟ್‌ವೇರ್ ಕಡೆಯವಳು, ವಾರಾಂತ್ಯದಲ್ಲಿ ಟ್ರ್ಯಾಕ್ ಓಡಿಸುತ್ತೇನೆ. ನಮ್ಮ ಕ್ಲಬ್ಬಿಗೆ ಪೈಥಾನ್‌ನಲ್ಲಿ ಇಂಥದ್ದೇ ಒಂದು ಬರೆಯುತ್ತಿದ್ದೇನೆ. ಲೆಕ್ಕ ಸುಲಭ, ಸಿಗ್ನಲ್ ಕಷ್ಟ. ಪವರ್ ಮೀಟರ್ ತನ್ನ ಸಂಖ್ಯೆಗಳನ್ನು ಆ್ಯಂಟ್ ಪ್ಲಸ್‌ನಲ್ಲಿ (ಕ್ರೀಡಾ ಸೆನ್ಸರ್‌ಗಳ ವೈರ್‌ಲೆಸ್ ಸಂಪರ್ಕ) ಕಳಿಸುತ್ತದೆ, ಯುಎಸ್‌ಬಿ ಸ್ಟಿಕ್ ಲ್ಯಾಪ್‌ಟಾಪಿನಲ್ಲಿ. ಸವಾರ ಆಚೆ ನೇರಕ್ಕೆ ಹೋದರೆ ಸಿಗ್ನಲ್ ಸತ್ತುಹೋಗುತ್ತದೆ. ಮನುಷ್ಯನ ಮೈಯಲ್ಲಿ ನೀರೇ ಜಾಸ್ತಿ ಇರುವುದರಿಂದ 2.4 ಗಿಗಾಹರ್ಟ್ಸ್ ತರಂಗವನ್ನು ಅದು ನುಂಗುತ್ತದೆ, ಸವಾರ ನಮ್ಮ ಕಡೆಗೆ ಬೆನ್ನು ಹಾಕಿದಾಗ ಇನ್ನೂ ಕಷ್ಟ. ಲ್ಯಾಪ್‌ಟಾಪ್ ಅನ್ನು ಮುಕ್ತಾಯದ ಗೆರೆಯ ಹತ್ತಿರ ಬಿಟ್ಟು ಸ್ಟಿಕ್ ಅನ್ನು ಉದ್ದ ವೈರಿನಲ್ಲಿ ಟ್ರ್ಯಾಕಿನ ಮಧ್ಯಕ್ಕೆ ಒಯ್ದು ಟ್ರೈಪಾಡ್ ಮೇಲೆ ಎತ್ತರದಲ್ಲಿ ಕಟ್ಟಿದೆ. ಎಷ್ಟೋ ಸುಧಾರಿಸಿತು.

ಆದರೂ ಅಲ್ಲಲ್ಲಿ ಕೆಲವು ಸೆಕೆಂಡು ಹೋಗುತ್ತದೆ. ಅದಕ್ಕೊಂದು ಒಳ್ಳೆ ದಾರಿ ಇದೆ, ಇಲ್ಲಿ ಬರೆಯುವವರಿಗೆ ಉಪಯೋಗವಾಗಬಹುದು. ಆ್ಯಂಟ್ ಪ್ಲಸ್ ಪವರ್ ಸಂದೇಶದಲ್ಲಿ ಆ ಕ್ಷಣದ ವಾಟ್ ಮಾತ್ರ ಅಲ್ಲ, ಇಲ್ಲಿಯವರೆಗೆ ಕೂಡುತ್ತಾ ಬಂದ ವಾಟ್ ಮೊತ್ತವೂ, ಎಷ್ಟು ಸಲ ಕೂಡಿದೆ ಅನ್ನುವ ಎಣಿಕೆಯೂ ಇರುತ್ತದೆ. ನಡುವೆ ಐದು ಸೆಕೆಂಡು ಕಾಣದೆ ಹೋದರೂ ಮತ್ತೆ ಸಿಕ್ಕಾಗ ಮೊತ್ತದ ವ್ಯತ್ಯಾಸವನ್ನು ಎಣಿಕೆಯ ವ್ಯತ್ಯಾಸದಿಂದ ಭಾಗಿಸಿದರೆ ಕಾಣೆಯಾದ ಹೊತ್ತಿನ ಸರಾಸರಿ ಪವರ್ ಕೈಗೆ ಸಿಗುತ್ತದೆ. ಎಣಿಕೆ 255 ಆದಮೇಲೆ 0ಗೆ ವಾಪಸ್ ಬರುತ್ತದೆ, ಮೊತ್ತ 65,535 ಆದಮೇಲೆ. ಅದನ್ನು ಕೋಡಿನಲ್ಲಿ ನೋಡಿಕೊಳ್ಳದಿದ್ದರೆ ಒಂದು ಸುತ್ತಿನಲ್ಲಿ ಪವರ್ ಮೈನಸ್ ಬಂದು ಎಲ್ಲರೂ ಗಾಬರಿಯಾಗುತ್ತಾರೆ.

ನನ್ನ ಪ್ರಶ್ನೆ: ನನ್ನ ಚುಕ್ಕೆಗಳು ನಿಮ್ಮಷ್ಟು ಸಾಲಾಗಿ ಕೂರುತ್ತಿಲ್ಲ. ಒಂದು ಮೇಲೆ, ಒಂದು ಕೆಳಗೆ, ಗರಗಸದ ಹಲ್ಲು ಇದ್ದಂತೆ. ಸವಾರ ಸ್ಥಿರವಾಗಿಯೇ ಓಡಿಸುತ್ತಿದ್ದಾನೆ. ಎಲ್ಲಿ ತಪ್ಪುತ್ತಿದೆ?

ಕಪ್ಪುಗೆರೆ, ಡರ್ಬಿ

ಆ ಮೊತ್ತದ ವಿಷಯ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ. ಬಹಳ ಜನ ಕಾಣೆಯಾದ ಸೆಕೆಂಡುಗಳಿಗೆ ಹಳೇ ವಾಟ್ ಸಂಖ್ಯೆಯನ್ನೇ ತುಂಬುತ್ತಾರೆ, ಅಲ್ಲೇ ಲೆಕ್ಕ ಹಾಳಾಗುತ್ತದೆ.

ಒಂದು ಮೇಲೆ ಒಂದು ಕೆಳಗೆ ಅಂದರೆ ನನಗೆ ಮೊದಲು ಬರುವ ಅನುಮಾನ ಚಲನ ಶಕ್ತಿ. ಸುತ್ತಿನ ಆರಂಭದ ವೇಗಕ್ಕೂ ಕೊನೆಯ ವೇಗಕ್ಕೂ ವ್ಯತ್ಯಾಸವಿದ್ದರೆ ಅದರ ಲೆಕ್ಕ ಹಾಕುತ್ತಿದ್ದೀರಾ? ಸ್ಥಿರವಾಗಿ ಓಡಿಸುತ್ತಾನೆ ಅಂದರೂ ಅಷ್ಟು ಸ್ಥಿರ ಯಾರೂ ಇರಲ್ಲ. 80 ಕೆ.ಜಿ. ಒಂದು ಸುತ್ತಿನಲ್ಲಿ ಸೆಕೆಂಡಿಗೆ 12.5 ಮೀಟರ್‌ನಿಂದ 12.6ಕ್ಕೆ ಏರಿದರೆ ಅದಕ್ಕೆ 100 ಜೂಲ್ ಬೇಕು. ಆ ಸುತ್ತಿನಲ್ಲಿ ಅವನು ಹಾಕಿದ ಒಟ್ಟು ಶಕ್ತಿ ಸುಮಾರು 5,900 ಜೂಲ್. ಆ 100 ಜೂಲನ್ನು ಗಾಳಿಯ ಖಾತೆಗೆ ಬರೆದರೆ ಸಿಡಿಎ 0.004 ಹೆಚ್ಚು ಕಾಣುತ್ತದೆ. ಮುಂದಿನ ಸುತ್ತಿನಲ್ಲಿ ಅವನು ಸ್ವಲ್ಪ ನಿಧಾನವಾದರೆ ಅಷ್ಟೇ ಕಡಿಮೆ. ಗಂಟೆಗೆ ಬರೀ 0.36 ಕಿ.ಮೀ. ವ್ಯತ್ಯಾಸ, ಕಣ್ಣಿಗೆ ಕಾಣುವುದೇ ಇಲ್ಲ. ನಿಮ್ಮ ಗರಗಸ ಇದೇ ಇರಬೇಕು.

ಇದನ್ನು ಸರಿಪಡಿಸಲು ಗೆರೆ ದಾಟುವ ಕ್ಷಣದ ವೇಗ ಚೆನ್ನಾಗಿ ಗೊತ್ತಿರಬೇಕು, ಲ್ಯಾಪ್‌ನ ಸರಾಸರಿ ವೇಗ ಸಾಲದು. ಚಕ್ರದ ಸೆನ್ಸರ್‌ನಿಂದ ಗೆರೆಯ ಆಸುಪಾಸಿನ ನಾಲ್ಕಾರು ಸುತ್ತುವಿಕೆಯನ್ನು ತೆಗೆದುಕೊಂಡು ಹದ ಮಾಡಿ ನೋಡಿ. ಇನ್ನೊಂದು, ಪವರ್ ಮತ್ತು ಲ್ಯಾಪ್ ಗೆರೆ ಎರಡರ ಗಡಿಯಾರ ಒಂದೇ ಇದೆಯಾ ನೋಡಿ. ಸಂದೇಶ ತಲುಪುವುದರಲ್ಲಿ ಅರ್ಧ ಸೆಕೆಂಡು ತಡವಾಗುತ್ತಿದ್ದರೆ ಹಿಂದಿನ ಸುತ್ತಿನ ಪವರ್ ಈ ಸುತ್ತಿಗೆ ಸೇರಿಕೊಳ್ಳುತ್ತದೆ.

ಅದೂ ಅಲ್ಲದಿದ್ದರೆ ಟ್ರ್ಯಾಕಿನ ಮೇಲೆ ಬೇರೆ ಯಾರಾದರೂ ಇದ್ದರಾ ಕೇಳಿ. ಒಳಾಂಗಣದಲ್ಲಿ ಸುತ್ತುತ್ತಿದ್ದರೆ ಗಾಳಿಯೂ ನಿಧಾನ ಸುತ್ತಲು ಶುರುಮಾಡುತ್ತದೆ, ಅದು ಎಲ್ಲರ ಬೆನ್ನಿಗೆ ಬೀಸುವ ಗಾಳಿ. ಇಬ್ಬರು ಮೂವರು ಓಡಿಸಿದರೆ ಇನ್ನೂ ಜಾಸ್ತಿ. ಒಬ್ಬನೇ ಇದ್ದಾಗಲೂ ಮೊದಲ ಎರಡು ಮೂರು ಸುತ್ತಿನ ಸಿಡಿಎ ಮೇಲಿದ್ದು ಆಮೇಲೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಆ ಸುತ್ತುಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕೋಡು ಮತ್ತು ಕಾಫಿ, ಮ್ಯೂನಿಕ್

ಹಳೇ ಫೈಲ್‌ಗಳ ಮೇಲೆ ಓಡಿಸಿ ನೋಡಿದೆ. ಚಲನ ಶಕ್ತಿ ಸೇರಿಸಿದ ತಕ್ಷಣ ಗರಗಸ ಮುಕ್ಕಾಲು ಪಾಲು ಮಾಯ! ಉಳಿದಿದ್ದು ಗಡಿಯಾರದ್ದೇ ಇರಬಹುದು, ಈ ವಾರ ನೋಡುತ್ತೇನೆ. ಪರದೆಯ ಬಗ್ಗೆ ಒಂದು ಸಲಹೆ ಕೊಡಿ. ನಮ್ಮವರು ಸಿಡಿಎ ದೊಡ್ಡ ಅಕ್ಷರದಲ್ಲಿ ಕಾಣಬೇಕು ಅನ್ನುತ್ತಾರೆ.

ಕಪ್ಪುಗೆರೆ, ಡರ್ಬಿ

ಬೇಡ ಮೇಡಂ, ದಯವಿಟ್ಟು ಬೇಡ. ದೊಡ್ಡ ಅಕ್ಷರದಲ್ಲಿ 0.218 ಅಂತ ಕಂಡರೆ ಅಲ್ಲಿದ್ದವರೆಲ್ಲ ಅದನ್ನೇ ನೋಡುತ್ತಾರೆ, ಸವಾರನನ್ನು ಯಾರೂ ನೋಡಲ್ಲ. ಚುಕ್ಕೆಗಳ ಸಾಲು ದೊಡ್ಡದಾಗಿರಲಿ, ಅದರ ಕೆಳಗೆ ಅದೇ ಸುತ್ತಿನ ವೇಗ ಮತ್ತು ಪವರ್ ಇರಲಿ. ಸಿಡಿಎ ಜಿಗಿದಾಗ ಪವರ್ ಜಿಗಿದಿದೆಯಾ, ವೇಗ ಬಿದ್ದಿದೆಯಾ ಒಂದೇ ನೋಟಕ್ಕೆ ಗೊತ್ತಾಗಬೇಕು. ಒಂದು ಕಡೆ ಈ ರನ್ನಿನಲ್ಲಿ ಇಲ್ಲಿಯವರೆಗಿನ ಸರಾಸರಿ, ಅದರ ಪಕ್ಕ ಅನಿಶ್ಚಿತತೆ ಎಷ್ಟು ಅಂತ. ಆ ಎರಡನೇ ಸಂಖ್ಯೆ ಸಾಕಷ್ಟು ಇಳಿದಮೇಲೆ ರನ್ ನಿಲ್ಲಿಸಬಹುದು, ಸವಾರನ ಕಾಲು ಉಳಿಯುತ್ತದೆ. ಟ್ರ್ಯಾಕ್ ಗಂಟೆಗೆ ಬಾಡಿಗೆ, ಹುಡುಗರ ಕಾಲಿಗೂ ಮಿತಿ ಇದೆ. ಲೈವ್‌ನಿಂದ ಉಳಿಯುವ ದುಡ್ಡು ನಿಜವಾಗಿ ಇಲ್ಲೇ. ಮತ್ತೆ ಒಂದು ಬಟನ್, ಒತ್ತಿದರೆ ಆ ಸುತ್ತಿಗೆ ಟಿಪ್ಪಣಿ ಸೇರಬೇಕು. "ತಲೆ ಎತ್ತಿದ", "ಗೆರೆ ಬಿಟ್ಟ", ಇಷ್ಟೇ. ಸಂಜೆ ಕೂತು ಯಾವ ಸುತ್ತು ಬಿಡಬೇಕು ಅಂತ ನೋಡುವಾಗ ಆ ಟಿಪ್ಪಣಿ ಚಿನ್ನ. ಚುಕ್ಕೆ ಇಷ್ಟವಾಗಲಿಲ್ಲ ಅಂತ ಯಾವ ಸುತ್ತನ್ನೂ ತೆಗೆಯಬಾರದು. ಆಗಲೇ ಬರೆದಿಟ್ಟ ಕಾರಣ ಇದ್ದರೆ ಮಾತ್ರ ತೆಗೆಯಬೇಕು.

ಸವಾರನಿಗೆ ರನ್ ನಡುವೆ ಸಂಖ್ಯೆ ಹೇಳಬೇಡಿ. ಹೊಸ ಹೆಲ್ಮೆಟ್ ಗೆಲ್ಲುತ್ತಿದೆ ಎಂದು ಗೊತ್ತಾದರೆ ತನಗೆ ತಿಳಿಯದೆ ಭುಜ ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತಾನೆ.

ಸೈಕಲ್ ಮೇಷ್ಟ್ರು, ಬಾಗಲಕೋಟೆ

ನಮಸ್ಕಾರ ರೀ ಎಲ್ಲರಿಗೂ. ಪೂರ್ತಿ ಓದಿದೆ. ನಮ್ಮ ಕಡೆ, ವಿಜಯಪುರ ಬಾಗಲಕೋಟೆ ಕಡೆ, ಸೈಕಲ್ ಹುಚ್ಚು ಹೆಂಗಿದೆ ಅಂತ ನಿಮಗೆಲ್ಲ ಗೊತ್ತು. ಹಳ್ಳಿ ಹುಡುಗರು, ಹುಡುಗಿಯರು, ಕಾಲಿನಲ್ಲಿ ಕಸುವು ಬೇಕಾದಷ್ಟು ಇದೆ. ಒಳಾಂಗಣದ ಮರದ ಟ್ರ್ಯಾಕ್ ಬೇಕು ಅಂದರೆ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣಕ್ಕೆ ಹೋಗಬೇಕು, ಅದೂ ಸ್ಪರ್ಧೆಗೆ ಹೋದಾಗ ಸಿಗುವ ಅಭ್ಯಾಸದ ಹೊತ್ತು. ಪವರ್ ಮೀಟರ್ ಒಂದು ಕ್ರ್ಯಾಂಕ್ ಎರವಲು ಸಿಗಬಹುದು. ಇಷ್ಟರಲ್ಲಿ ನಮ್ಮ ಮಕ್ಕಳಿಗೆ ಏನು ಮಾಡಬಹುದು ಹೇಳ್ರಿ ಸರ್. ಬಿಸಿಲು ಟ್ರ್ಯಾಕಿನಲ್ಲಿ, ಸಿಮೆಂಟಿನ ಮೇಲೆ, ಈ ಲೆಕ್ಕ ನಡೆಯುತ್ತದೋ ಇಲ್ಲೋ?

ಎದುರುಗಾಳಿ, ಬೆಂಗಳೂರು

ಮೇಷ್ಟ್ರೇ, ಕ್ರ್ಯಾಂಕ್ ಎರವಲಿಗೆ ನಾನೂ ವಿಚಾರಿಸುತ್ತೇನೆ. ನಮ್ಮ ಗುಂಪಿನಲ್ಲಿ ಒಬ್ಬರ ಹತ್ತಿರ ಹಳೇ ಟ್ರ್ಯಾಕ್ ಕ್ರ್ಯಾಂಕ್ ಸುಮ್ನೆ ಬಿದ್ದಿದೆ. ಮೆಸೇಜ್ ಮಾಡಿ.

ಕಪ್ಪುಗೆರೆ, ಡರ್ಬಿ

ಮೇಷ್ಟ್ರೇ, ಈ ಥ್ರೆಡ್ ಶುರು ಮಾಡಿದ್ದಕ್ಕೆ ನಿಮ್ಮ ಪ್ರಶ್ನೆಯೇ ಸಾರ್ಥಕ. ನಡೆಯುತ್ತದೆ. ಸಿಮೆಂಟಿನಲ್ಲಿ ಟೈರಿನ ಎಳೆತ ಮರಕ್ಕಿಂತ ಜಾಸ್ತಿ, ಆದರೆ ಒಂದೇ ಟ್ರ್ಯಾಕಿನಲ್ಲಿ ಒಂದೇ ಟೈರಿನಲ್ಲಿ ಹಳೇದು ಹೊಸದು ಹೋಲಿಸುವಾಗ ಅದು ಎರಡೂ ಕಡೆ ಇರುತ್ತದೆ, ಹಾಗಾಗಿ ತೊಂದರೆಯಿಲ್ಲ. ನಿಮ್ಮ ಶತ್ರು ಗಾಳಿ ಒಂದೇ. ಸೂರ್ಯ ಏಳುವ ಮುಂಚೆ ಟ್ರ್ಯಾಕಿನಲ್ಲಿರಿ. ಎರಡೂ ನೇರಗಳಲ್ಲಿ ತೆಳು ದಾರ ಕಟ್ಟಿದ ಕೋಲು ನೆಡಿ. ದಾರ ಅಲುಗಾಡಿದರೆ ಆ ಸುತ್ತಿಗೆ ಗುರುತು ಹಾಕಿ, ಜೋರಾದರೆ ಅವತ್ತಿಗೆ ನಿಲ್ಲಿಸಿ. ಸಾಫ್ಟ್‌ವೇರ್‌ಗೆ ದುಡ್ಡು ಖರ್ಚು ಮಾಡಬೇಡಿ, ಗೋಲ್ಡನ್ ಚೀತಾ ಉಚಿತ. ಲೈವ್ ಬರುವುದಿಲ್ಲ, ಅದರ ಬದಲಿಗೆ ಪಕ್ಕದಿಂದ ಮೊಬೈಲಿನಲ್ಲಿ ಪ್ರತಿ ಸುತ್ತು ವಿಡಿಯೋ ಮಾಡಿ. ತಲೆ ಎತ್ತಿದ್ದು, ಮೊಣಕೈ ಅಗಲವಾದದ್ದು ಎಲ್ಲ ಅದರಲ್ಲಿ ಸಿಗುತ್ತದೆ.

ಮೊದಲು ಭಂಗಿ ನೋಡಿ. ಗಾಳಿಗೆ ಹೆಚ್ಚಿನ ಪಾಲು ಸಿಗುವುದು ಮನುಷ್ಯನ ಮೈಯೇ, ಸೈಕಲ್ ಚಿಕ್ಕ ಪಾಲು. ತಲೆ, ಭುಜ, ಮೊಣಕೈ, ಇವಕ್ಕೆ ಒಂದು ರೂಪಾಯಿ ಖರ್ಚಿಲ್ಲ. ದುಬಾರಿ ಚಕ್ರದ ಯೋಚನೆ ಆಮೇಲೆ.

ಸೈಕಲ್ ಮೇಷ್ಟ್ರು, ಬಾಗಲಕೋಟೆ

ಭಾಳ ಉಪಕಾರ ಆಯಿತು ಸರ್. ಬೆಂಗಳೂರಿನವರಿಗೂ ಮೆಸೇಜ್ ಹಾಕಿದ್ದೇನೆ. ಮೊದಲನೇ ದಿನ ಯಾವ ಬದಲಾವಣೆ ಮಾಡಲಿ? ತಲೆ ಇಳಿಸುವುದೋ, ಮೊಣಕೈ ಹತ್ತಿರ ತರುವುದೋ?

ಕಪ್ಪುಗೆರೆ, ಡರ್ಬಿ

ಮೊದಲನೇ ದಿನ ಏನೂ ಬದಲಿಸಬೇಡಿ. ನಿಮ್ಮಲ್ಲಿ ಎಲ್ಲಕ್ಕಿಂತ ಸ್ಥಿರವಾಗಿ ಓಡಿಸುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಆರಿಸಿ. ಅದೇ ಸೈಕಲ್, ಅದೇ ಬಟ್ಟೆ, ಅದೇ ಭಂಗಿ. ಹತ್ತು ಸುತ್ತಿನ ರನ್, ವಿಶ್ರಾಂತಿ, ಝೀರೋ, ಮತ್ತೆ ಹತ್ತು ಸುತ್ತು. ಹೀಗೆ ನಾಲ್ಕು ರನ್ ಮಾಡಿಸಿ. ಏನೂ ಬದಲಿಸದಿದ್ದರೂ ಆ ನಾಲ್ಕು ಸರಾಸರಿಗಳ ನಡುವೆ ಒಂದಿಷ್ಟು ವ್ಯತ್ಯಾಸ ಬರುತ್ತದೆ. ಅದು 0.003 ಬಂದರೆ ಅದಕ್ಕಿಂತ ಚಿಕ್ಕದನ್ನು ನಿಮ್ಮ ಟ್ರ್ಯಾಕಿನಲ್ಲಿ ಹುಡುಕಬೇಡಿ. ತಲೆ ಇಳಿಸುವುದು, ಮೊಣಕೈ ತರುವುದು ಎರಡನೇ ದಿನಕ್ಕೆ, ಒಂದು ಬಾರಿಗೆ ಒಂದೇ. ಫೈಲ್‌ಗಳನ್ನು ಇಲ್ಲಿ ಹಾಕಿ, ಸವಾರನ ತೂಕ, ಸೈಕಲ್ ತೂಕ, ಟೈರಿನ ಗಾಳಿ, ಆ ಹೊತ್ತಿನ ಉಷ್ಣತೆ ಮತ್ತು ಒತ್ತಡ ಬರೆದಿರಲಿ. ನಾವು ಕೂತು ನೋಡುತ್ತೇವೆ.

ಕೋಡು ಮತ್ತು ಕಾಫಿ, ಮ್ಯೂನಿಕ್

ಮೇಷ್ಟ್ರೇ, ಫೈಲ್ ಹಾಕಿದ ದಿನ ನನಗೂ ಒಂದು ಮಾತು ಹೇಳಿ. ನನ್ನ ಪ್ರೋಗ್ರಾಂನಲ್ಲಿ ಹೆಸರುಗಳನ್ನೆಲ್ಲ ಕನ್ನಡಕ್ಕೆ ಬದಲಿಸಿ ನಿಮಗೆ ಕಳಿಸುತ್ತೇನೆ, ಲೈವ್ ಬೇಕಾದಾಗ ಲ್ಯಾಪ್‌ಟಾಪ್ ಮತ್ತು ಒಂದು ಯುಎಸ್‌ಬಿ ಸ್ಟಿಕ್ ಇದ್ದರೆ ಸಾಕು.